ಹಣ ಬೀಜದ ಮೇಲಿರಲಿ, ಹಾಲು ಒಲೆಯ ಮೇಲಿರಲಿ

ಮೇಲಿನ ಡಬ್ಬಿಗೆ ಹುರಿದ ಕಾಫಿ ಬೀಜ ಸುರಿದು, ತೊಟ್ಟಿಗೆ ನೀರು ತುಂಬಿ ಗುಂಡಿ ಒತ್ತಿದರೆ ಸಾಕು. ಬೀಜ ಪುಡಿಯಾಗಿ, ಪುಡಿ ಬಿಲ್ಲೆಯಾಗಿ, ಅದರೊಳಗೆ ಬಿಸಿನೀರು ಒತ್ತಡದಿಂದ ಹಾಯ್ದು, ಒಂದು ನಿಮಿಷದ ಆಚೀಚೆ ಲೋಟಕ್ಕೆ ಕಾಫಿ ಇಳಿಯುತ್ತದೆ. ಒಂದು ಕಾಲಕ್ಕೆ ಕಂಪನಿಗಳ ಪ್ಯಾಂಟ್ರಿಯಲ್ಲಿ, ದೊಡ್ಡ ಹೋಟೆಲುಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಸ್ವಯಂಚಾಲಿತ ಕಾಫಿ ಮಷೀನು ಈಗ ಬೆಂಗಳೂರು, ಮೈಸೂರಿನ ಮಧ್ಯಮವರ್ಗದ ಅಡುಗೆಮನೆಯ ಕಟ್ಟೆಯ ಮೇಲೂ ಬಂದು ಕೂತಿದೆ. ಕೆಳಹಂತದ ಮಾದರಿಗಳ ಬೆಲೆ 40ರಿಂದ 60 ಸಾವಿರ ರೂಪಾಯಿಯ ಆಸುಪಾಸಿನಲ್ಲಿದೆ, ಮೇಲಿನವು ಲಕ್ಷ ದಾಟುತ್ತವೆ. ಮಾರುವವರು ಒತ್ತಿ ಹೇಳುವುದು ಎರಡು ಸಂಗತಿ: ಎಷ್ಟು ಬಗೆಯ ಪಾನೀಯ ಬರುತ್ತದೆ, ಪಂಪಿನ ಒತ್ತಡ ಎಷ್ಟು. ಕೊಳ್ಳುವವರೂ ಅವನ್ನೇ ಹಿಡಿದು ಹೋಲಿಸುತ್ತ ಕೂರುತ್ತಾರೆ. ನನ್ನ ವಾದ ಬೇರೆ. ಕಾಫಿ ಕುಡಿಯುವ ಕನ್ನಡದ ಮನೆಗೆ ಈ ಮಷೀನಿನಿಂದ ಸಿಗಬಹುದಾದ ಲಾಭವೆಲ್ಲ ಬೀಜದ ಕಡೆಗಿದೆ. ಹಾಲಿನ ಕಡೆ ಅದು ಮಾಡುವ ಕೆಲಸವನ್ನು ನಮ್ಮ ಒಲೆ ಮೊದಲಿನಿಂದಲೂ ಮಾಡುತ್ತಿದೆ, ಅದಕ್ಕಿಂತ ಚೆನ್ನಾಗಿಯೇ ಮಾಡುತ್ತಿದೆ. ಬೆಲೆ ಏರುವುದು ಬಹುಪಾಲು ಈ ಹಾಲಿನ ಏರ್ಪಾಡಿಗಾಗಿ. ಆ ಹಣ ಕೊಡದೆ ಉಳಿಸಿ, ಉಳಿದದ್ದನ್ನು ಒಳ್ಳೆಯ ಬೀಜಕ್ಕೆ ಹಾಕುವುದೇ ಜಾಣತನ.

ಬೀಜದ ಮಾತು ಮೊದಲು. ಹುರಿದ ಕಾಫಿ ಬೀಜದ ಒಳಗೆ ಘಮದ ಸಂಯುಕ್ತಗಳು ನೂರಾರು ಇರುತ್ತವೆ, ಜೊತೆಗೆ ಹುರಿಯುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಕೂಡ. ಬೀಜ ಇಡಿಯಾಗಿರುವವರೆಗೆ ಇವೆಲ್ಲ ನಿಧಾನವಾಗಿ ಹೊರಬೀಳುತ್ತವೆ; ಮುಚ್ಚಿಟ್ಟ ಬೀಜ ಹುರಿದ ದಿನದಿಂದ ಮೂರು ನಾಲ್ಕು ವಾರ ಚೆನ್ನಾಗಿಯೇ ಇರುತ್ತದೆ. ಪುಡಿ ಮಾಡಿದ ಕೂಡಲೇ ಗಾಳಿಗೆ ತೆರೆದುಕೊಳ್ಳುವ ಮೈ ಹಲವು ಪಟ್ಟು ಹೆಚ್ಚುತ್ತದೆ, ವಾರಗಳಲ್ಲಿ ಆಗಬೇಕಾದ ನಷ್ಟ ಗಂಟೆಗಳಲ್ಲಿ ಆಗುತ್ತದೆ. ಗಾಂಧಿಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಕಾಫಿಪುಡಿ ಅಂಗಡಿಯ ಮುಂದೆ ಹಾದುಹೋಗುವಾಗ ಮೂಗಿಗೆ ಬಡಿಯುವ ಘಮಕ್ಕೆ ಎಲ್ಲರೂ ಮರುಳಾಗುತ್ತೇವೆ. ಆದರೆ ಬೀದಿಗೆ ಹರಡಿದ ಆ ಘಮ ಯಾರದೋ ಪೊಟ್ಟಣದಿಂದ ಆಗಲೇ ಹೊರಟುಹೋದದ್ದು. ಕಣ್ಣೆದುರಿಗೇ ಬೀಜ ಪುಡಿ ಮಾಡಿಸಿಕೊಂಡು ಬರುವ ನಮ್ಮ ಹಳೆಯ ಪದ್ಧತಿಯ ಹಿಂದೆ ಇದೇ ತಿಳಿವಳಿಕೆ ಇತ್ತು, ಅದು ಸರಿಯಾದ ತಿಳಿವಳಿಕೆಯೇ. ಕೊರತೆ ಇರುವುದು ಒಂದೇ ಕಡೆ: ಅರ್ಧ ಕೆ.ಜಿ. ಪುಡಿ ಮನೆಯಲ್ಲಿ ಎರಡು ವಾರ ಕೂರುತ್ತದೆ. ಮೊದಲ ಮೂರು ದಿನದ ಕಾಫಿಗೂ ಹನ್ನೆರಡನೆಯ ದಿನದ ಕಾಫಿಗೂ ಇರುವ ವ್ಯತ್ಯಾಸಕ್ಕೆ ನಾವು ಹಾಲನ್ನೋ ನೀರನ್ನೋ ಫಿಲ್ಟರನ್ನೋ ದೂರುತ್ತೇವೆ. ಪ್ರತಿ ಲೋಟಕ್ಕೂ ಆಗಷ್ಟೇ 9–10 ಗ್ರಾಂ ಬೀಜ ಬೀಸಿಕೊಳ್ಳುವ ಮಷೀನು ಈ ಕೊರತೆಯನ್ನು ತೆಗೆಯುತ್ತದೆ. ಅದರ ಉಳಿದ ಚಮತ್ಕಾರಗಳಿಗಿಂತ ಇದೊಂದೇ ದೊಡ್ಡದು.

ಎರಡನೆಯ ಲಾಭವೂ ಅಷ್ಟೇ ಮುಖ್ಯವಾದದ್ದು, ಯಾವ ಜಾಹೀರಾತಿನಲ್ಲೂ ಇಲ್ಲದ್ದು. ಪುಡಿಯಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಬೀಜದಲ್ಲಿ ಕಾಣುತ್ತದೆ. ನಮ್ಮ ಆಹಾರ ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು; ಅಂದರೆ ಉಳಿದ 49 ಭಾಗ ಚಿಕೋರಿ ಇದ್ದರೂ ಅದು ಕಾನೂನುಬದ್ಧವೇ. ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು, ನಮೂದಿಸುತ್ತಾರೆ ಕೂಡ, ಆದರೆ ಅದನ್ನು ಓದಿ ಕೊಳ್ಳುವವರು ಕಡಿಮೆ. ಕಾಫಿಯ ಬೆಲೆ ಏರಿದಂತೆಲ್ಲ ಚಿಕೋರಿಯ ಪಾಲು ಏರಿಸುವ ಆಸೆ ಹುಟ್ಟುವುದು ವ್ಯಾಪಾರದಲ್ಲಿ ಸಹಜ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದ್ದನ್ನು ನೆನಪಿಟ್ಟುಕೊಂಡರೆ ಈ ಮಾತು ಬರೀ ಊಹೆ ಎನಿಸದು. ಬೀಜ ಕೊಳ್ಳುವವನಿಗೆ ಈ ಮಸುಕು ಇಲ್ಲ. ಅರೇಬಿಕಾವೋ ರೋಬಸ್ಟಾವೋ, ಪ್ಲಾಂಟೇಷನ್ ‘ಎ’ಯೋ ಪೀಬೆರಿಯೋ, ಯಾವ ತೋಟದ್ದು, ಯಾವತ್ತು ಹುರಿದದ್ದು ಎಂದು ಕೇಳಬಹುದು, ಅಂಗೈ ಮೇಲೆ ಹಾಕಿಕೊಂಡು ನೋಡಬಹುದು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗ ಬೆಳೆಯುವ ರಾಜ್ಯ ನಮ್ಮದು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಹಾಗಿದ್ದೂ ಬೆಳೆಯ ಬಹುಭಾಗ ಹೊರದೇಶಗಳಿಗೆ ಹೋಗುತ್ತದೆ. ದೊಡ್ಡ ಗಿರಾಕಿ ಇಟಲಿ. ನಮ್ಮ ರೋಬಸ್ಟಾ ಅಲ್ಲಿನ ಎಸ್ಪ್ರೆಸೊಗೆ ಮೈಕಟ್ಟು ಕೊಡುತ್ತಿರುವಾಗ, ಅದನ್ನು ಬೆಳೆದ ಜಿಲ್ಲೆಯಿಂದ ನಾಲ್ಕು ಗಂಟೆ ದೂರದ ಮನೆಯಲ್ಲಿ ಅರ್ಧ ಚಿಕೋರಿ ಕುಡಿಯುವುದು ವಿಚಿತ್ರ. ಮನೆಯಲ್ಲಿ ಬೀಸುವ ಅನುಕೂಲವಿದ್ದರೆ ತೋಟದವರಿಂದ, ಸಣ್ಣ ರೋಸ್ಟರಿಗಳಿಂದ ನೇರವಾಗಿ ಬೀಜ ತರಿಸುವ ದಾರಿ ತೆರೆಯುತ್ತದೆ.

ಇನ್ನು ಮಷೀನಿನ ಒಳಗೆ ಇಣುಕಬೇಕು. ಇರುವುದು ನಾಲ್ಕೇ ಅಂಗ: ಬೀಜ ಬೀಸುವ ಗ್ರೈಂಡರ್, ಪುಡಿಯನ್ನು ಅದುಮಿ ನೀರು ಹಾಯಿಸುವ ಬ್ರೂ ಯೂನಿಟ್, ನೀರು ಕಾಯಿಸುವ ಹೀಟರ್, ಒತ್ತಡ ಕೊಡುವ ಪಂಪು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯುವ ‘15 ಬಾರ್’, ‘19 ಬಾರ್’ ಎಂಬುದು ಈ ಪಂಪು, ನೀರು ಹರಿಯಲು ದಾರಿಯೇ ಇಲ್ಲದಾಗ, ಕೊಡಬಲ್ಲ ಗರಿಷ್ಠ ಒತ್ತಡ. ಎಸ್ಪ್ರೆಸೊ ಇಳಿಯಲು ಬೇಕಾದದ್ದು ಸುಮಾರು 9 ಬಾರ್. ಮಿಲಾನಿನ ಅಕಿಲೆ ಗಾಜಿಯಾ ಎರಡನೆಯ ಮಹಾಯುದ್ಧದ ನಂತರ, 1948ರ ಸುಮಾರಿಗೆ, ಕೈಹಿಡಿ ಎಳೆದು ಒತ್ತುವ ಯಂತ್ರ ತಂದು ಮೇಲೆ ಹೊಂಬಣ್ಣದ ಕೆನೆ ಕಟ್ಟುವ ಕಾಫಿ ಇಳಿಸಿದ ಮೇಲೆ ರೂಢಿಯಾದ ಮಟ್ಟ ಅದು, ಅಂದಿನಿಂದ ಹೆಚ್ಚು ಬದಲಾಗಿಲ್ಲ. ಹೀಗಾಗಿ 15ಕ್ಕೂ 19ಕ್ಕೂ ಲೋಟದಲ್ಲಿ ವ್ಯತ್ಯಾಸವಿಲ್ಲ. ಆ ಅಂಕಿ ನೋಡಿ ಒಂದು ರೂಪಾಯಿ ಹೆಚ್ಚು ಕೊಟ್ಟರೂ ದಂಡ. ಗ್ರೈಂಡರಿನ ಬಿಲ್ಲೆ ಸೆರಾಮಿಕ್ಕಿನದೋ ಉಕ್ಕಿನದೋ ಎಂಬ ಚರ್ಚೆಯೂ ಮನೆಮಟ್ಟಕ್ಕೆ ಅತಿಯಾಯಿತು. ಎರಡೂ ವರ್ಷಗಟ್ಟಲೆ ಬಾಳುತ್ತವೆ. ಬೀಜದ ನಡುವೆ ಸಣ್ಣ ಕಲ್ಲು ಬಂದರೆ ಸೆರಾಮಿಕ್ ಚಕ್ಕೆಯೇಳಬಹುದು ಎಂಬುದಷ್ಟೇ ಎಚ್ಚರಿಕೆ. ನೋಡಬೇಕಾದದ್ದು ಪುಡಿಯ ನಯ ಬದಲಿಸಲು ಎಷ್ಟು ಹಂತಗಳಿವೆ, ಒಂದು ಲೋಟಕ್ಕೆ ಹಾಕುವ ಬೀಜದ ಪ್ರಮಾಣವನ್ನು ಏರಿಸಬಹುದೇ, ನೀರನ್ನು 25–30 ಮಿ.ಲೀ.ಗೆ ಇಳಿಸಬಹುದೇ ಎಂಬುದನ್ನು.

ನನ್ನ ವಾದಕ್ಕೆ ಬಲವಾದ ಸಾಕ್ಷ್ಯ ಸಿಗುವುದು ತಯಾರಕರ ಸ್ವಂತ ಬೆಲೆಪಟ್ಟಿಯಲ್ಲೇ. ಫಿಲಿಪ್ಸ್ ಹೆಸರಿನಲ್ಲಿ ಬರುವ 1200, 2200, 3200 ಸರಣಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 12 ಹಂತಗಳ ಸೆರಾಮಿಕ್ ಗ್ರೈಂಡರ್, ಕಳಚಿ ತೊಳೆಯಬಲ್ಲ ಬ್ರೂ ಯೂನಿಟ್ ಮೂರರಲ್ಲೂ ಒಂದೇ ಬಗೆಯವು. ಮೇಲೆ ಹೋದಂತೆ ಸೇರುವುದು ಗುಂಡಿಗಳ ಸಂಖ್ಯೆ, ಪಾನೀಯಗಳ ಹೆಸರು, ಹಾಲು ನೊರೆಯಾಗಿಸುವ ಜಾರು. ಡೆಲಾಂಗಿಯ ಮ್ಯಾಗ್ನಿಫಿಕಾ ಸಾಲಿನಲ್ಲೂ ಇದೇ ಕಥೆ: ಕಾಫಿ ಇಳಿಸುವ ಒಳಾಂಗ ಬಹುಮಟ್ಟಿಗೆ ಒಂದೇ ತೆರನದು, ಹೊರಗಿನ ಪರದೆ ಮತ್ತು ಹಾಲಿನ ಏರ್ಪಾಡು ಬೇರೆ. ಅಂದರೆ ಕಾಫಿಯ ಗುಣಕ್ಕೆ ಕಾರಣವಾದ ಭಾಗವನ್ನು ಕಂಪನಿಗಳು ಅಗ್ಗದ ಮಾದರಿಯಲ್ಲೇ ಪೂರ್ತಿಯಾಗಿ ಕೊಟ್ಟುಬಿಟ್ಟಿವೆ. 40 ಸಾವಿರದ ಮಾದರಿಯಿಂದ 60 ಸಾವಿರದ್ದಕ್ಕೆ ಹಾರುವವರು ಆ 20 ಸಾವಿರವನ್ನು ಕೊಡುತ್ತಿರುವುದು ಹಾಲಿಗೆ. ಅದೇ ಹಣಕ್ಕೆ, ಕೆ.ಜಿ.ಗೆ ಸಾವಿರ ರೂಪಾಯಿಯ ಲೆಕ್ಕದಲ್ಲಿ, 20 ಕೆ.ಜಿ. ಬೀಜ ಬರುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವ ಮನೆಗೆ ಅದು ಒಂದೂವರೆ ವರ್ಷದ ಕಾಫಿ.

ಹಾಲಿನ ಏರ್ಪಾಡು ನಮಗೆ ಯಾಕೆ ಬೇಡ? ಕ್ಯಾಪುಚಿನೋ ಮಾಡುವವರಿಗೆ ಹಾಲು 60–65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೆ ಸಾಕು. ಅದಕ್ಕಿಂತ ಮೇಲೆ ಹೋದರೆ ನೊರೆ ಕೆಡುತ್ತದೆ, ಹಾಲಿನ ಸಿಹಿ ಹೋಗುತ್ತದೆ ಎನ್ನುತ್ತಾರೆ. ಮಷೀನುಗಳನ್ನು ಹೊಂದಿಸಿರುವುದು ಆ ರುಚಿಗೆ. ನಮ್ಮಲ್ಲಿ ಕಾಫಿ ಎಂದರೆ ಉಕ್ಕಿ ಬಂದ ಹಾಲು, ಹಬೆಯಾಡುವ ಲೋಟ, ಊದಿಕೊಂಡು ಕುಡಿಯುವ ಬಿಸಿ. ಸಾವಿರಾರು ರೂಪಾಯಿ ಸುರಿದು ಮಷೀನು ತಂದ ಮನೆಗಳಲ್ಲಿ ಹಿರಿಯರು ಮೊದಲ ಗುಟುಕಿಗೇ ಹೇಳುವುದು ‘ಬಿಸಿಯೇ ಇಲ್ವಲ್ಲ’ ಅಂತ. ಆ ದೂರು ಮೊಂಡುತನದ್ದಲ್ಲ, ಡಿಗ್ರಿಯ ಲೆಕ್ಕದಲ್ಲೂ ನಿಜ. ಮೇಲಾಗಿ ನಂದಿನಿ ಪ್ಯಾಕೆಟ್ ಮನೆಗೆ ಬಂದ ಕೂಡಲೇ ಕಾಯಿಸಿಡುವುದು ನಮ್ಮ ದಿನಚರಿ. ಆ ಹಾಲು ಒಲೆಯ ಮೇಲೆ ಹೇಗೂ ಇದೆ. ಮಷೀನಿನಿಂದ ಅತಿ ಗಟ್ಟಿ ಆಯ್ಕೆಯಲ್ಲಿ 25–30 ಮಿ.ಲೀ. ಕಾಫಿಯನ್ನು ಮಾತ್ರ ಇಳಿಸಿಕೊಳ್ಳಿ. ಬಿಸಿನೀರಿನಲ್ಲಿ ಜಾಲಿಸಿದ ಸ್ಟೀಲ್ ಲೋಟಕ್ಕೆ ಅದನ್ನು ಹಾಕಿ, ಉಕ್ಕಿದ ಹಾಲು 80 ಮಿ.ಲೀ.ಯಷ್ಟು ಹುಯ್ದು, ಸಕ್ಕರೆ ಬೆರೆಸಿ, ಎರಡು ಲೋಟಗಳ ನಡುವೆ ಒಮ್ಮೆ ಎತ್ತಿ ಹುಯ್ದರೆ ನೊರೆಯೂ ಬಂತು, ಬಿಸಿಯೂ ಉಳಿಯಿತು. ಯಾವ ಜಾರೂ ಇದನ್ನು ಮಾಡಲಾರದು. ಹಾಲಿನ ಜಾರು ಇದ್ದರೆ ತೊಳೆಯುವ ಕೆಲಸ ಬೇರೆ. ಕೊಳವೆಯೊಳಗೆ ಉಳಿದ ಹಾಲು ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅರ್ಧ ದಿನವೂ ತಡೆಯುವುದಿಲ್ಲ, ಹುಳಿ ವಾಸನೆ ಹಿಡಿಯುತ್ತದೆ. ಕೊಳವೆಯಿಲ್ಲದ, ಎರಡೇ ತುಂಡಿನ ಜಾರುಗಳು ಬಂದಿವೆ, ಅವು ಮೇಲು. ಆದರೂ ದಿನಾ ತೊಳೆಯುವುದು ತಪ್ಪಿದ್ದಲ್ಲ. ಸೊಸೆಗೋ ಕೆಲಸದವರಿಗೋ ಇನ್ನೊಂದು ಪಾತ್ರೆ ಹೆಚ್ಚಿಸುವುದಕ್ಕೆ 20 ಸಾವಿರ ಕೊಡಬೇಕೇ? ಪ್ರತಿ ಲೋಟದ ಮೇಲೂ ದಪ್ಪ ನೊರೆ ಬೇಕೇಬೇಕು ಎನ್ನುವವರಿಗೆ ಈ ಮಾತು ಹಿಡಿಸದಿರಬಹುದು, ಅವರ ಹಣ ಅವರ ಇಷ್ಟ.

ಇಲ್ಲಿಗೆ ದೊಡ್ಡ ಆಕ್ಷೇಪವೊಂದು ಎದುರಾಗುತ್ತದೆ, ಅದು ನ್ಯಾಯವಾದದ್ದೇ: ಫಿಲ್ಟರ್ ಇರುವಾಗ ಇದೆಲ್ಲ ಯಾಕೆ? ಕೆಲವು ನೂರು ರೂಪಾಯಿಯ ಸ್ಟೀಲ್ ಫಿಲ್ಟರು ದಶಕಗಟ್ಟಲೆ ಬಾಳುತ್ತದೆ, ಕರೆಂಟು ಕೇಳುವುದಿಲ್ಲ, ಕೆಡಲು ಅದರಲ್ಲಿ ಏನೂ ಇಲ್ಲ. ಹೌದು. ಬೆಳಗ್ಗೆ ಆರಕ್ಕೆ ಎಲ್ಲರೂ ಒಟ್ಟಿಗೆ ಕುಡಿಯುವ, ಪುಡಿ ಅಂಗಡಿ ನಡೆಯುವ ದೂರದಲ್ಲಿರುವ ಮನೆಗೆ ಮಷೀನು ಬೇಡವೇ ಬೇಡ. ಅಂಥವರು ಹೆಚ್ಚೆಂದರೆ ಒಳ್ಳೆಯ ಕೈಗ್ರೈಂಡರ್ ಒಂದನ್ನು ಕೊಂಡು, ರಾತ್ರಿ ಬೀಜ ಬೀಸಿ ಫಿಲ್ಟರಿಗೆ ಹಾಕಿಟ್ಟರೆ ಬೀಜದ ಕಡೆಯ ಲಾಭದಲ್ಲಿ ಮುಕ್ಕಾಲು ಪಾಲು ಸಿಕ್ಕಿತು. ಆದರೆ ಮನೆಗಳ ಗಡಿಯಾರ ಬದಲಾಗಿದೆ. ಒಬ್ಬರದು ಅಮೆರಿಕದ ಸಮಯಕ್ಕೆ ಕೆಲಸ, ಇನ್ನೊಬ್ಬರದು ಬೆಳಗಿನ ಶಿಫ್ಟು, ಅಜ್ಜನಿಗೆ ನಾಲ್ಕು ಗಂಟೆಗೆ ಬೇಕು, ಮಗಳು ರಾತ್ರಿ ಓದುವಾಗ ಕೇಳುತ್ತಾಳೆ. ಡಿಕಾಕ್ಷನ್ ಒಂದು ಸಲ ಇಳಿಯಲು ಅರ್ಧ ಗಂಟೆಯ ಹತ್ತಿರ ಬೇಕು, ಬೆಳಗಿನ ಡಿಕಾಕ್ಷನ್ ಸಂಜೆಗೆ ಸಪ್ಪೆ. ಒಬ್ಬರಿಗಾಗಿ ಒಂದೇ ಲೋಟ, ಬೇಕಾದ ಹೊತ್ತಿಗೆ, ಆಗಷ್ಟೇ ಬೀಸಿದ ಬೀಜದಿಂದ: ಇದನ್ನು ಫಿಲ್ಟರ್ ಕೊಡಲಾರದು. ಆದರೆ ಎಂಟು ಜನ ನೆಂಟರು ಒಮ್ಮೆಗೇ ಬಂದಾಗ ಮಷೀನು ಕೈಕೊಡುತ್ತದೆ. ಲೋಟಕ್ಕೊಂದು ನಿಮಿಷ, ನಡುವೆ ನೀರು ಮುಗಿಯಿತು, ಚರಟದ ಡಬ್ಬಿ ತುಂಬಿತು ಎಂಬ ದೀಪಗಳು. ಅದಕ್ಕೇ ಮಷೀನು ಕೊಂಡವರು ಫಿಲ್ಟರನ್ನು ಅಟ್ಟಕ್ಕೆ ಹಾಕಬಾರದು.

ಎರಡನೆಯ ಆಕ್ಷೇಪ ಚಿಕೋರಿಯದು, ಅದಕ್ಕೆ ನನ್ನ ಉತ್ತರ ಖಡಾಖಂಡಿತ. ನಿಮ್ಮ ನಾಲಿಗೆಗೆ ಚಿಕೋರಿ ಬೆರೆತ ಕಾಫಿಯೇ ಕಾಫಿ ಎನಿಸುತ್ತಿದ್ದರೆ ಈ ಮಷೀನು ಕೊಳ್ಳಬೇಡಿ. ಅದರಲ್ಲಿ ತಪ್ಪೇನೂ ಇಲ್ಲ. ಬಣ್ಣ, ದಪ್ಪ, ಕಹಿಯ ಹಿಂದೆ ಬರುವ ಒಂದು ಬಗೆಯ ಸಿಹಿ, ಇವುಗಳನ್ನು ಇಷ್ಟಪಡುವುದು ಅವರವರ ರುಚಿ. ಆದರೆ ಚಿಕೋರಿ ಬೇರು ಬೀಜದ ರೂಪದಲ್ಲಿ ಬರುವುದಿಲ್ಲ. ಹುರಿದ ಬೇರಿನ ಹೆಚ್ಚಿನ ಭಾಗ ನೀರಿನಲ್ಲಿ ಕರಗುವಂಥದ್ದು, ನೆಂದರೆ ಅಂಟು. ಕೆಲವು ಮಾದರಿಗಳಲ್ಲಿ ಸಿದ್ಧಪುಡಿ ಹಾಕಲು ಬೇರೆ ಕಿಂಡಿ ಇದೆ ನಿಜ. ಅದರಲ್ಲಿ ಮಿಶ್ರಣದ ಪುಡಿ ಹಾಕುತ್ತ ಹೋದರೆ ಬ್ರೂ ಯೂನಿಟ್ಟಿನ ಜಾಲರಿ ಕಟ್ಟಿಕೊಂಡು ನೀರು ಹಾಯದಂತಾಗುತ್ತದೆ, ಮತ್ತೆ ಮಷೀನು ಕೊಂಡು ಸಾಧಿಸಿದ್ದೇನು ಎಂಬ ಪ್ರಶ್ನೆಯೂ ಉಳಿಯುತ್ತದೆ. ಚಿಕೋರಿ ಬಿಡಲು ಸಿದ್ಧರಿದ್ದು, ಹಾಲಿನಲ್ಲಿ ಕಾಫಿ ತೆಳುವೆನಿಸದಿದ್ದರೆ ಸಾಕು ಎನ್ನುವವರಿಗೆ ದಾರಿ ಇದೆ: ರೋಬಸ್ಟಾ. ತೊಳೆದು ಸಂಸ್ಕರಿಸಿದ ರೋಬಸ್ಟಾ ಪಾರ್ಚ್‌ಮೆಂಟ್ ಬೀಜವನ್ನು ಅರೇಬಿಕಾದ ಜೊತೆ ಮೂರನೆಯ ಒಂದು ಪಾಲು ಬೆರೆಸಿದರೆ ಹಾಲನ್ನು ಮೀರಿ ನಿಲ್ಲುವ ಗಟ್ಟಿತನ ಬರುತ್ತದೆ, ಮೇಲೆ ಕೆನೆಯೂ ಕಟ್ಟುತ್ತದೆ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು, ಆದ್ದರಿಂದ ರಾತ್ರಿಯ ಲೋಟದ ಬಗ್ಗೆ ಜಾಗ್ರತೆ. ಬೀಜದ ಹುರಿತ ಮಧ್ಯಮವಾಗಿರಲಿ. ಕರ್ರಗೆ ಹುರಿದು ಎಣ್ಣೆ ಒಸರುವ ಬೀಜ ಡಬ್ಬಿಯ ಗೋಡೆಗೆ ಅಂಟಿ ಗ್ರೈಂಡರಿಗೆ ಇಳಿಯುವುದೇ ಇಲ್ಲ, ಇಳಿದರೂ ಒಳಗೆ ಜಿಡ್ಡು ಕಟ್ಟುತ್ತದೆ.

ಹಣದ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮಾಡೋಣ. 50 ಸಾವಿರದ ಮಷೀನು ಐದು ವರ್ಷ ಬಾಳಿತು ಎಂದುಕೊಂಡರೆ ತಿಂಗಳಿಗೆ ಸುಮಾರು 830 ರೂಪಾಯಿ. ದಿನಕ್ಕೆ ನಾಲ್ಕು ಲೋಟವಾದರೆ ಲೋಟಕ್ಕೆ 7 ರೂಪಾಯಿ ಮಷೀನಿನ ಪಾಲು. ಕೆ.ಜಿ.ಗೆ ಸಾವಿರ ರೂಪಾಯಿಯ ಬೀಜ 9 ಗ್ರಾಂ ಎಂದರೆ 9 ರೂಪಾಯಿ, ಹಾಲು 4 ರೂಪಾಯಿ, ಸುಣ್ಣ ತೆಗೆಯುವ ದ್ರಾವಣ, ನೀರಿನ ಫಿಲ್ಟರ್ ಮುಂತಾದ್ದಕ್ಕೆ ವರ್ಷಕ್ಕೆ ಎರಡು ಸಾವಿರ ಹಿಡಿದರೆ ಒಂದೂವರೆ ರೂಪಾಯಿ. ಒಟ್ಟು ಇಪ್ಪತ್ತೊಂದು ಇಪ್ಪತ್ತೆರಡು. ಮನೆಯ ಫಿಲ್ಟರ್ ಕಾಫಿ ಇದರ ಅರ್ಧಕ್ಕೆ ಬರುತ್ತದೆ. ದರ್ಶಿನಿಯ ಕಾಫಿ ಇದಕ್ಕಿಂತ ದುಬಾರಿಯೇನೂ ಅಲ್ಲ. ಹಾಗಾದರೆ ‘ಕೆಫೆಯಲ್ಲಿ ಇನ್ನೂರು ರೂಪಾಯಿ ಕೊಡುವ ಕಾಫಿ ಮನೆಯಲ್ಲೇ, ವರ್ಷದಲ್ಲಿ ಮಷೀನಿನ ದುಡ್ಡು ವಾಪಸು’ ಎಂಬ ಮಾರಾಟದ ಮಾತು? ಅದು ದಿನಾ ಕೆಫೆಗೆ ಹೋಗುತ್ತಿದ್ದವರಿಗೆ, ಮಷೀನು ಬಂದಮೇಲೆ ಹೋಗುವುದನ್ನು ನಿಲ್ಲಿಸುವವರಿಗೆ ಮಾತ್ರ ನಿಜ. ಜನ ಕೆಫೆಗೆ ಹೋಗುವುದು ಬರೀ ಕಾಫಿಗಲ್ಲ, ಕೂರುವುದಕ್ಕೆ, ಮಾತಿಗೆ, ಮನೆಯಿಂದ ಹೊರಗಿರುವುದಕ್ಕೆ. ಆ ಖರ್ಚು ಮಷೀನು ಬಂದರೂ ನಿಲ್ಲದು. ಆದ್ದರಿಂದ ಉಳಿತಾಯದ ನೆಪ ಬೇಡ. ಲೋಟಕ್ಕೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ತಾಜಾ ಬೀಜದ ರುಚಿ, ಹೊತ್ತಿಗೊದಗುವ ಅನುಕೂಲ ಕೊಳ್ಳುತ್ತಿದ್ದೇವೆ ಎಂದು ಒಪ್ಪಿಕೊಂಡೇ ಕೊಳ್ಳಬೇಕು. ದಿನಕ್ಕೆ ಎರಡೇ ಲೋಟದ ಮನೆಯಲ್ಲಿ ಮಷೀನಿನ ಪಾಲೇ 14 ರೂಪಾಯಿಗೆ ಏರುತ್ತದೆ, ಅಲ್ಲಿಗೆ ಈ ಲೆಕ್ಕ ಕೂಡುವುದಿಲ್ಲ. ಕ್ಯಾಪ್ಸೂಲ್ ಮಷೀನು ಅಗ್ಗ ಎಂದು ಅತ್ತ ನೋಡುವವರೂ ಇದ್ದಾರೆ. ಅಲ್ಲಿ ಮಷೀನು ಅಗ್ಗ, ಪ್ರತಿ ಲೋಟ ದುಬಾರಿ; ಎಲ್ಲಕ್ಕಿಂತ ಮುಖ್ಯವಾಗಿ ಬೀಜ ಆರಿಸುವ ಸ್ವಾತಂತ್ರ್ಯವೇ ಕೈತಪ್ಪುತ್ತದೆ.

ಹತ್ತು ಹನ್ನೆರಡು ಸಾವಿರಕ್ಕೆ ಕೈಯಿಂದ ನಡೆಸುವ ಎಸ್ಪ್ರೆಸೊ ಮಷೀನು ಸಿಗುವಾಗ ಸ್ವಯಂಚಾಲಿತದ್ದು ಯಾಕೆ ಎನ್ನುವವರ ವಾದವೂ ಗಟ್ಟಿಯಾದದ್ದೇ. ಸಮರ್ಥ ಕೈಯಲ್ಲಿ ಅದು ಹೆಚ್ಚು ಒಳ್ಳೆಯ ಕಾಫಿ ಕೊಡಬಲ್ಲದು. ಆದರೆ ಅದಕ್ಕೆ ಜೊತೆಯಾಗಿ ಬೇಕಾದ ಗ್ರೈಂಡರ್ ಹಲವು ಸಲ ಮಷೀನಿಗಿಂತ ದುಬಾರಿ. ಪುಡಿ ತೂಗಬೇಕು, ಹರಡಬೇಕು, ಅದುಮಬೇಕು, ಸೆಕೆಂಡು ಎಣಿಸಬೇಕು. ಇದರಲ್ಲಿ ಸುಖ ಕಾಣುವವರು ಒಬ್ಬರಿದ್ದರೆ, ಮನೆಯ ಉಳಿದ ಮೂವರು ಅವರು ಏಳುವವರೆಗೆ ಕಾಯುತ್ತಾರೆ. ಎಲ್ಲರೂ ಬಳಸಬೇಕಾದ ವಸ್ತುವಾದರೆ ಸ್ವಯಂಚಾಲಿತವೇ ಸರಿ. ಹಾಲು ಬೆರೆತ ಮೇಲೆ ಎರಡರ ನಡುವಿನ ಸೂಕ್ಷ್ಮ ವ್ಯತ್ಯಾಸ ಬಹುಪಾಲು ಮುಳುಗಿಹೋಗುತ್ತದೆ.

ಮಷೀನು ನಿಜಕ್ಕೂ ಅಗ್ಗವೋ ದುಬಾರಿಯೋ ಎಂಬುದು ಗೊತ್ತಾಗುವುದು ಮೂರನೆಯ ವರ್ಷದಲ್ಲಿ, ಅದನ್ನು ನಿರ್ಧರಿಸುವುದು ತೊಳೆಯುವ ಕ್ರಮ. ಬ್ರೂ ಯೂನಿಟ್ಟಿನ ವಿಷಯದಲ್ಲಿ ಎರಡು ಪಂಗಡಗಳಿವೆ. ಫಿಲಿಪ್ಸ್, ಡೆಲಾಂಗಿಗಳಲ್ಲಿ ಪಕ್ಕದ ಬಾಗಿಲು ತೆರೆದು ಅದನ್ನು ಕೈಯಿಂದ ಕಳಚಬಹುದು. ಸ್ವಿಸ್ ಕಂಪನಿ ಯೂರಾದ ಮಷೀನುಗಳಲ್ಲಿ ಅದು ಒಳಗೇ ಕೂತಿರುತ್ತದೆ, ತಯಾರಕರ ಮಾತ್ರೆ ಹಾಕಿ ತೊಳೆಯುವ ಕಾರ್ಯಕ್ರಮ ಓಡಿಸಬೇಕು. ಎರಡೂ ಕೆಲಸ ಮಾಡುತ್ತವೆ, ಆದರೆ ನಮ್ಮ ಹವೆಗೆ ಮೊದಲಿನದೇ ಹೊಂದುತ್ತದೆ. ಮಂಗಳೂರಿನ, ಮಲೆನಾಡಿನ ಜುಲೈ ತಿಂಗಳಲ್ಲಿ ಒದ್ದೆ ಚರಟವನ್ನು ನಾಲ್ಕು ದಿನ ಡಬ್ಬಿಯಲ್ಲೇ ಬಿಟ್ಟು ಊರಿಗೆ ಹೋಗಿ ಬಂದರೆ ಚರಟದ ಬಿಲ್ಲೆಗಳ ಮೇಲೆ ಬೂದುಬಣ್ಣದ ಬೂಸಲು ಎದ್ದಿರುತ್ತದೆ; ಕಣ್ಣಿಗೆ ಕಾಣದ ಒಳಭಾಗದಲ್ಲೂ ಅದು ಏಳದೆ ಇರುತ್ತದೆಯೇ? ಕಳಚುವಂತಿದ್ದರೆ ಕೆಲಸ ಸರಳ. ಚರಟದ ಡಬ್ಬಿ ದಿನಾ ಖಾಲಿ ಮಾಡಬೇಕು. ವಾರಕ್ಕೊಮ್ಮೆ ಬ್ರೂ ಯೂನಿಟ್ಟನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಾಕದೆ, ಮೇಲಿನ ಜಾಲರಿಯ ಮೇಲೆ ಬೆರಳಾಡಿಸಿ ತೊಳೆದು, ಗಾಳಿಗೆ ಒಣಗಲು ಬಿಡಬೇಕು. ಕೆಲವು ತಿಂಗಳಿಗೊಮ್ಮೆ ಅದು ಜಾರುವ ಕಂಬಿಗಳಿಗೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸು ಒಂದು ಬೊಟ್ಟಿನಷ್ಟು ಹಚ್ಚಿದರೆ ಕಿರ್ರೆನ್ನುವ ಸದ್ದು ನಿಲ್ಲುತ್ತದೆ, ಮೋಟಾರಿನ ಮೇಲಿನ ಭಾರ ತಗ್ಗುತ್ತದೆ. ಪುಡಿಯ ನಯ ಬದಲಿಸುವ ತಿರುಗಣಿಯನ್ನು ಗ್ರೈಂಡರ್ ತಿರುಗುತ್ತಿರುವಾಗ ಮಾತ್ರ ತಿರುಗಿಸಬೇಕು, ನಿಂತಿರುವಾಗ ತಿರುಗಿಸಿದರೆ ಬೀಸುವ ಬಿಲ್ಲೆಗಳ ನಡುವೆ ಸಿಕ್ಕ ಬೀಜ ಅಡ್ಡಬರುತ್ತದೆ. ಇಷ್ಟನ್ನು ಮಾಡಲು ಮನಸ್ಸಿಲ್ಲದ ಮನೆಗೆ ಯಾವ ಬೆಲೆಯ ಮಷೀನೂ ಹೊಂದದು.

ನೀರು ಇನ್ನೊಂದು ತಲೆನೋವು. ಬೋರ್‌ವೆಲ್, ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟುಗಳಲ್ಲಿ ಗೀಜರಿನ ಕಾಯಿಲ್‌ಗೆ ಬಿಳಿ ಸುಣ್ಣ ಕಟ್ಟುವುದನ್ನು ನೋಡದವರಿಲ್ಲ. ಕಾಫಿ ಮಷೀನಿನ ಹೀಟರಿನೊಳಗಿನ ದಾರಿ ಅದಕ್ಕಿಂತ ಎಷ್ಟೋ ಕಿರಿದು. ಹೆಚ್ಚಿನ ಮಷೀನುಗಳ ಜೊತೆ ನೀರಿನ ಗಡಸುತನ ನೋಡುವ ಪಟ್ಟಿ ಕೊಟ್ಟಿರುತ್ತಾರೆ. ಅದನ್ನು ಅದ್ದಿ ನೋಡಿ, ಬಂದ ಮಟ್ಟವನ್ನು ಮಷೀನಿಗೆ ತಿಳಿಸಿದರೆ ಸುಣ್ಣ ತೆಗೆಯುವ ದಿನವನ್ನು ಅದೇ ನೆನಪಿಸುತ್ತದೆ. ಆ ದೀಪ ಹತ್ತಿದ ಮೇಲೂ ‘ನಾಳೆ ನೋಡಿದರಾಯಿತು’ ಎಂದು ತಿಂಗಳು ದಬ್ಬಿದರೆ ನಷ್ಟ ನಮ್ಮದೇ. ಪೂರ್ತಿ ಆರ್‌ಓ ನೀರು ಹಾಕಿದರೆ ಸುಣ್ಣದ ಕಾಟ ತಪ್ಪುತ್ತದೆ, ಆದರೆ ಖನಿಜವೇ ಇಲ್ಲದ ನೀರು ಬೀಜದ ರುಚಿಯನ್ನು ಸರಿಯಾಗಿ ಹೀರಿಕೊಳ್ಳದು. ಕಾಫಿ ತಜ್ಞರು ಹೇಳುವ ಹದ ಲೀಟರಿಗೆ 150 ಮಿಲಿಗ್ರಾಂ ಆಸುಪಾಸಿನ ಕರಗಿದ ಲವಣ. ಆರ್‌ಓ ಯಂತ್ರದ ಟಿಡಿಎಸ್ ತಿರುಪನ್ನು ಅತಿ ಕೆಳಗೆ ಇಳಿಸದಿದ್ದರೆ ಸಾಕು.

ಕರೆಂಟಿನ ಮಾತೂ ಇದೆ. ಈ ಮಷೀನುಗಳು 1450–1500 ವ್ಯಾಟ್ ಎಳೆಯುತ್ತವೆ, ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ಹೊರಲಾರದು. ಕರೆಂಟು ಹೋಗಿ ಬರುವ ಊರುಗಳಲ್ಲಿ ಸ್ಟೆಬಿಲೈಸರ್ ಇಲ್ಲದೆ ಇಡುವುದು ಎಲೆಕ್ಟ್ರಾನಿಕ್ ಬೋರ್ಡಿಗೆ ಒಳ್ಳೆಯದಲ್ಲ. ಹೊರದೇಶದಲ್ಲಿರುವ ಮಕ್ಕಳಿಂದ ತರಿಸೋಣ ಎಂದು ಯೋಚಿಸುವವರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಮಾರುವ ಮಷೀನುಗಳು 120 ವೋಲ್ಟಿನವು, ಇಲ್ಲಿನ 230 ವೋಲ್ಟಿಗೆ ನೇರ ಹಾಕಿದರೆ ಅಲ್ಲಿಗೇ ಕಥೆ ಮುಗಿಯಿತು. ಇಷ್ಟು ವ್ಯಾಟಿಗೆ ಟ್ರಾನ್ಸ್‌ಫಾರ್ಮರ್ ಇಡುವುದು ಬೆಲೆಗೂ ಜಾಗಕ್ಕೂ ಭಾರ. ಜರ್ಮನಿಯಿಂದಲೋ ದುಬೈಯಿಂದಲೋ ತಂದದ್ದು ಓಡುತ್ತದೆ, ಆದರೆ ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಂದು ನಂಬಿ ಕೂರಬಾರದು.

ಕೊಳ್ಳುವುದೆಂದು ತೀರ್ಮಾನಿಸಿದವರು ತಮ್ಮ ಊರಿಗೇ ಬಂದು ರಿಪೇರಿ ಮಾಡುವವರು ಇದ್ದಾರೆಯೇ, ಬ್ರೂ ಯೂನಿಟ್ಟೂ ಅದರ ರಬ್ಬರ್ ಉಂಗುರಗಳೂ ಬಿಡಿಯಾಗಿ ಸಿಗುತ್ತವೆಯೇ ಎಂದು ಕಂಪನಿಗೆ ಫೋನು ಮಾಡಿ ಕೇಳಲಿ; ಅಂಗಡಿಯವರ ಮಾತು ಸಾಲದು. ಹಾಸನದಲ್ಲೋ ದಾವಣಗೆರೆಯಲ್ಲೋ ಇರುವವರಿಗೆ ಮಷೀನನ್ನು ಬೆಂಗಳೂರಿಗೆ ಹೊತ್ತು ತರಬೇಕಾದೀತೇ ಎಂಬುದು ಬೆಲೆಯಷ್ಟೇ ಮುಖ್ಯ. ಅದಾದ ಮೇಲೆ ಕಳಚಬಲ್ಲ ಬ್ರೂ ಯೂನಿಟ್ ಇರುವ, ಹಾಲಿನ ಜಾರು ಇಲ್ಲದ, ಆ ಕಂಪನಿಯ ಅತಿ ಕಡಿಮೆ ಬೆಲೆಯ ಮಾದರಿಯನ್ನು ಕೇಳಿ. ಮೇಲಿನದನ್ನು ತೋರಿಸಲು ಬಂದರೆ ಬೇಡ ಎನ್ನಿ. ನಿಮ್ಮ ಕಣ್ಣೆದುರಿಗೆ ಬ್ರೂ ಯೂನಿಟ್ಟನ್ನು ಹೊರತೆಗೆದು, ಮತ್ತೆ ಕೂರಿಸಿ, ನೀವು ತಂದ ಬೀಜದಿಂದ 30 ಮಿ.ಲೀ. ಕಾಫಿ ಇಳಿಸಿ ಕೊಡುವವರೆಗೆ ದುಡ್ಡು ಕೊಡಬೇಡಿ.